ಗೊಂಬೆಯಲ್ಲ, ಮನೆಯವರು

ಪುಣೆ–ಸೊಲ್ಲಾಪುರ ರಸ್ತೆಯ ಕುರಕುಂಭ ಕಾರ್ಖಾನೆಗಳ ಊರು. ಫಿರಂಗಾಯಿ ದೇವಿಯ ಊರೂ ಹೌದು. ಅಲ್ಲಿನ ಕನ್ನಡ ಸ್ನೇಹಿತರ ದೇವರ ಜಗಲಿಯ ಮೇಲೆ ಪುಟ್ಟದೊಂದು ಬೆಳ್ಳಿ ತಗಡು ಕಂಡೆವು. ಅದರಲ್ಲಿ ಕುದುರೆಯೇರಿದ ಖಂಡೋಬ, ಅಂದರೆ ನಮ್ಮ ಮೈಲಾರಲಿಂಗ. ಮರಾಠಿಯಲ್ಲಿ ಇದಕ್ಕೆ ‘ಟಾಕ’ ಎನ್ನುತ್ತಾರೆ.

“ಚೆಂದದ ಗೊಂಬೆ! ನಮ್ಮ ಷೋಕೇಸಿಗೆ ಕೊಡ್ತೀರಾ ಅಜ್ಜಿ?” ಎಂದಳು ಮಗಳು.

ಅಜ್ಜಿ ನಕ್ಕರು: “ಗೊಂಬಿ ಅಲ್ಲವ್ವಾ. ದಿನಾ ಜಳಕ ಮಾಡಸ್ತೀನಿ, ನೈವೇದ್ಯ ತೋರಸ್ತೀನಿ. ಇಂವಾ ನಮ್ಮ ಮನಿಯಂವಾ.”

ನಮ್ಮ ಷೋಕೇಸಿನಲ್ಲಿರುವ ಆಫ್ರಿಕದ ಮರದ ಗೊಂಬೆ ಆಗ ನೆನಪಾಯಿತು. ನೈಜೀರಿಯದ ಯೊರುಬಾ ಜನರಲ್ಲಿ ಅವಳಿಗಳಲ್ಲೊಂದು ಮಗು ತೀರಿಕೊಂಡರೆ ‘ಇಬೆಜಿ’ ಮೂರ್ತಿ ಕೆತ್ತಿಸುವುದು ಹಳೆಯ ಪದ್ಧತಿ. ತಾಯಿ ಅದಕ್ಕೆ ಮೀಯಿಸಿ, ಉಡಿಸಿ, ಉಣಿಸುತ್ತಾಳೆ.

ಮನೆಗೆ ಬಂದ ಮಗಳು ಅದರ ಧೂಳನ್ನು ಮೆಲ್ಲಗೆ ಒರೆಸಿದಳು. ಎಳೆಯ ಗೆಳೆಯರೇ, ನಿಮ್ಮ ಜಗಲಿಯ ಮೇಲಿರುವವರು ಯಾರೆಂದು ಅಜ್ಜಿಯನ್ನು ಕೇಳಿದ್ದೀರಾ?