ಕುಮಾರಪರ್ವತದ ದಾರಿ, ಮನೆಯಲ್ಲಿ ಕಾಯುವವರು

ಕುಕ್ಕೆ ಸುಬ್ರಹ್ಮಣ್ಯ

ಪ್ರೀತಿಯ ತಮ್ಮನಿಗೆ,

ಕುಮಾರಪರ್ವತದ ಎತ್ತರ 1,712 ಮೀಟರ್. ಕುಕ್ಕೆಯ ಕಡೆಯಿಂದ ಹತ್ತುವವರಿಗೆ ಮೊದಲು ಸಿಗುವುದು ದಟ್ಟ ಕಾಡು. ಆಮೇಲೆ ಗಿರಿಗದ್ದೆಯ ಭಟ್ಟರ ಮನೆ, ಅದರಾಚೆ ಬೋಳು ಹುಲ್ಲುಗುಡ್ಡ, ಕಲ್ಲುಮಂಟಪ, ಶೇಷಪರ್ವತ. ಅಲ್ಲಿಂದ ಇಳಿದು ಇನ್ನೊಂದು ಕಾಡಿನ ತುಂಡು ದಾಟಿದರೆ ತುದಿ. ದಾರಿ ತಪ್ಪಿಸುವುದು ಕಾಡು ಎಂದೇ ಹೊಸಬರು ಹೆದರುತ್ತಾರೆ. ಹುಲ್ಲುಗುಡ್ಡವೂ ಅಷ್ಟೇ ಅಪಾಯದ್ದು. ಅಲ್ಲಿ ಕಾಟಿ, ಕಡವೆಗಳ ಜಾಡು ಮನುಷ್ಯರ ಕಾಲುದಾರಿಯಂತೆಯೇ ಕಾಣುತ್ತದೆ. ಮಂಜು ಕವಿದರಂತೂ ಮುಂದೆ ನಡೆಯುತ್ತಿದ್ದವರ ಬೆನ್ನೇ ಕಾಣದು.

2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯುವಕನೊಬ್ಬ ಇದೇ ಬೆಟ್ಟದಲ್ಲಿ ಗೆಳೆಯರಿಂದ ಬೇರೆಯಾಗಿ ಕಾಣೆಯಾದ. ಹುಡುಕಾಟ ನಡೆಯುತ್ತಿದ್ದಾಗಲೇ, ನೀರಿನ ಪೈಪೊಂದರ ಜಾಡು ಹಿಡಿದು ತಾನಾಗಿ ಊರು ಸೇರಿದ. ಪೈಪು ಮನುಷ್ಯರ ಕೆಲಸ, ಆದ್ದರಿಂದ ಮನುಷ್ಯರಿರುವಲ್ಲಿಗೇ ಮುಟ್ಟಿಸಿತು. ಹಳ್ಳದ ಮಾತು ಬೇರೆ. ನೀರು ಹರಿದತ್ತ ನಡೆದರೆ ಊರು ಸಿಗುತ್ತದೆಂಬ ನಂಬಿಕೆ ಘಟ್ಟದ ಸೀಮೆಯಲ್ಲಿ ಸಲ್ಲದು. ಇಲ್ಲಿನ ಹಳ್ಳಗಳು ಜಾರುಬಂಡೆಯ ಮೇಲೆ ಹರಿದು ಪ್ರಪಾತಕ್ಕೆ ಧುಮುಕುತ್ತವೆ. ದಾರಿ ತಪ್ಪಿತೆಂದು ಗೊತ್ತಾದ ಕೂಡಲೇ ನಿಂತುಬಿಡುವುದು, ಮೈ ಒದ್ದೆಯಾಗದಂತೆ, ಬೆಚ್ಚಗೆ ಕೂರುವುದು, ಮೂರು ಮೂರು ಬಾರಿ ಸೀಟಿ ಊದುವುದು, ಮೊಬೈಲಿನ ಚಾರ್ಜು ಉಳಿಸಿಕೊಂಡು 112ಕ್ಕೆ ಕರೆ ಮಾಡುವುದು: ಜೀವ ಉಳಿಸುವುದು ಹೆಚ್ಚಾಗಿ ಇವೇ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ಮೈಯೊಡ್ಡಿ ಕಳೆದ ರಾತ್ರಿ, ಹಿಮವಿಲ್ಲದ ಬೆಟ್ಟದಲ್ಲೂ ಮೈಯ ಕಾವನ್ನು ಹೀರಿಬಿಡುತ್ತದೆ.

ಹುಡುಕುವವರಿಗೆ ಮೊದಲ ಸುಳಿವು ಸಿಗುವುದು ಬೆಟ್ಟದಲ್ಲಲ್ಲ, ಮನೆಯಲ್ಲಿ. ಯಾವ ದಾರಿಯಿಂದ ಹತ್ತಿದರು, ಸೋಮವಾರಪೇಟೆಯ ಕಡೆಗೆ ಇಳಿಯುವ ಯೋಚನೆ ಇತ್ತೇ, ಅಂಗಿಯ ಬಣ್ಣ ಯಾವುದು, ಷೂವಿನ ಅಡಿಯ ಗುರುತು ಎಂಥದು, ದಿನವೂ ನುಂಗಬೇಕಾದ ಮಾತ್ರೆ ಇದೆಯೇ ಎಂಬುದನ್ನು ಮನೆಯವರು ಹೇಳಬಲ್ಲರಾದರೆ ಹುಡುಕಾಟದ ಹರವು ಎಷ್ಟೋ ಕಿರಿದಾಗುತ್ತದೆ. ದೂರು ಕೊಡಲು 24 ಗಂಟೆ ಕಾಯಬೇಕೆಂಬುದು ತಪ್ಪು ತಿಳಿವಳಿಕೆ. ಯಾವ ಠಾಣೆಯಲ್ಲಾದರೂ ಆ ಕ್ಷಣವೇ ಕೊಡಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಕೆಲವರು ಸಿಗುವುದಿಲ್ಲ. ಆಗ ಬೆಟ್ಟದ ಬುಡದಲ್ಲಿ ಕುಳಿತ ತಂದೆತಾಯಿಗೆ ಸುತ್ತ ನೆರೆದವರ ಊಹೆಗಳು ಬೇಡ. ದಿನಕ್ಕೆರಡು ಸಲ, ಸುದ್ದಿಯಿಲ್ಲದಿದ್ದರೆ ಸುದ್ದಿಯಿಲ್ಲವೆಂದೇ, ನಿಜ ಹೇಳುವ ಒಬ್ಬ ಅಧಿಕಾರಿ ಬೇಕು. ಊಟ ತಂದಿಟ್ಟು, ಬರುವ ಫೋನುಗಳಿಗೆಲ್ಲ ತಾನೇ ಉತ್ತರಿಸುವ ಒಬ್ಬ ನೆಂಟ ಬೇಕು. ಇದ್ದಾರೋ ಇಲ್ಲವೋ ತಿಳಿಯದ ಇಂಥ ಅಗಲಿಕೆಯನ್ನು ಅಮೆರಿಕದ ಸಂಶೋಧಕಿ ಪಾಲಿನ್ ಬಾಸ್ 1970ರ ದಶಕದಿಂದ ಅಧ್ಯಯನ ಮಾಡಿದರು. ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದವರ ಕುಟುಂಬಗಳನ್ನು ಹತ್ತಿರದಿಂದ ಕಂಡಿದ್ದ ಅವರು, ಈ ದುಃಖಕ್ಕೆ ಕೊನೆ ಹುಡುಕಬೇಕೆಂದು ಮನೆಯವರನ್ನು ಒತ್ತಾಯಿಸುವುದೇ ತಪ್ಪೆಂದರು. ನಮ್ಮ ಕಡೆ ಆ ಸಂಕಟಕ್ಕೆ ಇನ್ನೂ ಒಂದು ಮುಖವಿದೆ. ಶ್ರಾದ್ಧ ಮಾಡಿದರೆ ಬದುಕಿರುವವನನ್ನು ಕೊಂದಂತೆ, ಮಾಡದಿದ್ದರೆ ಸತ್ತವನನ್ನು ಮರೆತಂತೆ. "ಇನ್ನಾದರೂ ಕರ್ಮ ಮುಗಿಸಿಬಿಡಿ" ಎನ್ನುವ ಬಂಧುಗಳು ಆ ತಾಯಿಯ ಎದುರು ಸುಮ್ಮನಿದ್ದರೆ ಅದೇ ದೊಡ್ಡ ಉಪಕಾರ.

ಕಾನೂನಿನ ಕಾಯುವಿಕೆಯೂ ದೀರ್ಘ. ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಪ್ರಕಾರ ಏಳು ವರ್ಷ ಸುದ್ದಿಯಿಲ್ಲದವರು ಬದುಕಿದ್ದಾರೆ ಎನ್ನುವವರೇ ಅದನ್ನು ರುಜುವಾತು ಮಾಡಬೇಕು. ಅದಕ್ಕೆ ಮೊದಲೇ ಸಾವೆಂದು ಒಪ್ಪಿಸಬೇಕಾದರೆ ಸಾಕ್ಷ್ಯ ಒದಗಿಸುವ ಹೊರೆ ಮನೆಯವರ ಮೇಲೇ ಬೀಳುತ್ತದೆ. ಅಷ್ಟರವರೆಗೆ ಬ್ಯಾಂಕ್ ಖಾತೆ, ವಿಮೆ, ಸಾಲದ ಕಂತು ಎಲ್ಲವೂ ತೂಗಾಡುತ್ತವೆ. ದೂರಿನ ಪ್ರತಿ, ಹುಡುಕಾಟದ ವರದಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು ಮೊದಲ ವಾರದಲ್ಲೇ ಯಾರಾದರೂ ಹೇಳಿಕೊಡಬೇಕು.

ಮಳೆಗಾಲ ಕಳೆದು ದಾರಿ ತೆರೆದ ಮೇಲೆ ನೀನೂ ಗೆಳೆಯರೊಂದಿಗೆ ಇಲ್ಲಿಗೆ ಬರುವವನು. ಹೊರಡುವ ಮುನ್ನ ಹತ್ತುವ ದಾರಿ, ಇಳಿಯುವ ದಾರಿ, ಜೊತೆಗಿರುವವರ ಫೋನ್ ನಂಬರು, ಯಾವ ಹೊತ್ತಿನೊಳಗೆ ಸುದ್ದಿ ಬರದಿದ್ದರೆ ಪೊಲೀಸರಿಗೆ ತಿಳಿಸಬೇಕು ಎಂಬುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅಮ್ಮನ ಕೈಗೆ ಕೊಡು.