ಹಬ್ಬದ ಎಣ್ಣೆ ಎಲ್ಲಿಗೆ ಹೋಯಿತು?

ದೀಪಾವಳಿ ಮುಗಿದ ವಾರವೇ ಸೊಲ್ಲಾಪುರದ ನಮ್ಮ ಓಣಿಯ ಡ್ರೇನೇಜ್ ಚೇಂಬರ್ ಉಕ್ಕಿತು. ಮೂಗು ಮುಚ್ಚಿಕೊಂಡು ಯಾರನ್ನೋ ಬೈಯುತ್ತಾ ನಿಂತೆವು. ಬಿದಿರಿನ ಸೀಳು ಹಾಕಿ ತಿವಿಯುತ್ತಿದ್ದವನು ಬಿಳಿ ಮುದ್ದೆಯೊಂದನ್ನು ಎಳೆದು ತೋರಿಸಿದ. "ಸರ, ಇದು ಮಣ್ಣಲ್ರೀ, ಮಂದಿ ಮನೀ ಎಣ್ಣಿ. ಕರ್ಚಿಕಾಯಿ ನೀವು ತಿಂದ್ರಿ, ಎಣ್ಣಿ ನಮಗ ಬಿಟ್ರಿ" ಎಂದು ನಕ್ಕ. ನಮಗೆ ನಗು ಬರಲಿಲ್ಲ.

ಶಾಲೆ ಶುರುವಾದ ಮೇಲೆ ಏಳನೆಯ ಇಯತ್ತೆಯಲ್ಲಿ ಗಾಜಿನ ಲೋಟಕ್ಕೆ ಕರಗಿದ ಡಾಲ್ಡಾ, ಬಿಸಿನೀರು ಹಾಕಿಟ್ಟೆ. ತಾಸು ಮುಗಿಯುವಷ್ಟರಲ್ಲಿ ಮೇಲೆ ಬಿಳಿ ಕೆನೆ ಕಟ್ಟಿತ್ತು. "ಬಿಸಿನೀರು ಬಿಟ್ರ ಹರಕೊಂಡು ಹೋಗಂಗಿಲ್ಲೇನ್ರಿ ಸರ?" ಎಂದಳು ಒಬ್ಬಳು. ಹೋಗುತ್ತದೆ ಮಗಾ, ನಮ್ಮ ಮನೆ ದಾಟಿ ಮುಂದೆ ಎಲ್ಲೋ ತಣ್ಣಗಾಗಿ ಅಂಟುತ್ತದೆ, ಅಷ್ಟೇ. ಶೇಂಗಾ ಎಣ್ಣೆ ಡಾಲ್ಡಾದಂತೆ ಗಟ್ಟಿಯಾಗುವುದಿಲ್ಲ ನಿಜ. ಆದರೆ ಕೊಳವೆಯಲ್ಲಿ ಜಿಡ್ಡು ಒಡೆದು, ನೀರಿನ ಮತ್ತು ಸಿಮೆಂಟಿನ ಕ್ಯಾಲ್ಸಿಯಂ ಜೊತೆ ಸೇರಿ ಸಾಬೂನಿನಂಥ ಗಟ್ಟಿ ಪದಾರ್ಥವಾಗುತ್ತದೆ. ಬೋರಿನ ಗಡುಸು ನೀರಿನಲ್ಲಿ ಬಟ್ಟೆ ಒಗೆದಾಗ ಬಕೆಟ್ಟಿಗೆ ಅಂಟುವ ಕೊಳೆ ನೆನಪಿಸಿಕೊಳ್ಳಿ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಚರಂಡಿಯಲ್ಲಿ ಸಿಕ್ಕ ಇಂಥದೊಂದು ಗಡ್ಡೆ ಸುಮಾರು 250 ಮೀಟರ್ ಉದ್ದ, 130 ಟನ್ ಭಾರ ಇತ್ತು!

ಕಟ್ಟಿದ ಕಡೆ ಹೊಲಸು ಕೊಳೆತು ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಸ್ವಲ್ಪವಿದ್ದರೆ ಕೊಳೆತ ಮೊಟ್ಟೆಯ ವಾಸನೆ. ಹೆಚ್ಚಾದರೆ ಮೂಗಿಗೆ ಗೊತ್ತೇ ಆಗುವುದಿಲ್ಲ. ಒಳಗೆ ಇಳಿದವನು ಹೊರಬರುವುದಿಲ್ಲ, ಎತ್ತಲು ಹೋದವನೂ ಬರುವುದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಸಾವು ನಿಂತಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಬೇಕಾಯಿತು. ಇದಕ್ಕಾಗಿ ಹೋರಾಡುತ್ತಿರುವ ಬೆಜವಾಡ ವಿಲ್ಸನ್ ನಮ್ಮ ಕೋಲಾರ ಚಿನ್ನದ ಗಣಿಯ ಊರಿನವರು, 2016ರ ಮ್ಯಾಗ್ಸೆಸೆ ಪುರಸ್ಕೃತರು. ಮಕ್ಕಳಿಗೆ ಈ ಹೆಸರು ಗೊತ್ತಿರಬೇಕು ಎಂದು ನನ್ನ ಹಟ.

ಯಂತ್ರ ಕೊಡುವುದು ಆಡಳಿತದ ಕೆಲಸ, ಅದನ್ನು ಕೇಳೋಣ. ಎಣ್ಣೆ ತಡೆಯುವುದು ಮಾತ್ರ ಅಡುಗೆಮನೆಯಲ್ಲೇ ಆಗಬೇಕು. ನಮ್ಮ ಅವ್ವ ಕಡಾಯಿಯ ಜಿಡ್ಡನ್ನು ಭಕ್ರಿ ಚೂರಿನಿಂದ ಬಳಿದು ತಿನ್ನಿಸುತ್ತಿದ್ದಳು, ತೊಳೆಯಲು ಬೂದಿಯೇ ಸಾಕಾಗುತ್ತಿತ್ತು. ಈಗ ಹಳೆಯ ಪೇಪರಿನಿಂದ ಒರೆಸಿ ಘಂಟಾಗಾಡಿಗೆ ಹಾಕಬಹುದು. ಉಳಿದ ಎಣ್ಣೆ ಆರಿದ ಮೇಲೆ ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಕೊಡಿ. ಸಿಂಕಿಗೊಂದು ಜಾಳಿಗೆ ಇರಲಿ.

ಶಾಲೆಯಲ್ಲಿ ಖಿಚಡಿ ತಾಟು ತೊಳೆಯುವ ನಳದ ಪಕ್ಕ ಬಕೆಟ್ ಇಟ್ಟಿದ್ದೇವೆ, ಮೊದಲು ಅದರಲ್ಲಿ ಬಳಿಯಬೇಕು. ಅಗಳು ತಿನ್ನಲು ಬರುವ ಕೋಳಿಗಳದೇ ಈಗ ಹೊಸ ತಂಟೆ.