ಉಪ್ಪರಿಗೆಯ ಹಲಗೆಗೆ ಬಣ್ಣ ಬಳಿಯುವ ಮುನ್ನ

ನಮ್ಮ ಕಡೆಯ ಮನೆಗಳ ನೆಲ ಎಷ್ಟೋ ಸಲ ಬದಲಾಗಿದೆ. ಮಣ್ಣಿನ ನೆಲ ಹೋಗಿ ಕೆಂಪು ಕಾವಿಯ ನೆಲ ಬಂತು. ಅದರ ಮೇಲೆ ಮೊಸಾಯಿಕ್ ಬಂತು, ಗ್ರಾನೈಟ್ ಬಂತು, ಈಗ ಮುಖ ಕಾಣುವಷ್ಟು ಹೊಳೆಯುವ ಟೈಲ್ಸ್ ಬಂದಿದೆ. ಇವುಗಳ ನಡುವೆ ಮರದ ಉಪ್ಪರಿಗೆ ಯಾರ ಲೆಕ್ಕಕ್ಕೂ ಸಿಗಲಿಲ್ಲ. ಪುತ್ತೂರು, ಸುಳ್ಯ, ಕಡಬದ ಹಂಚಿನ ಮನೆಗಳಲ್ಲಿ ಚಾಲಿ ಅಡಿಕೆಯ ಗೋಣಿ ಇಡಲು, ಮಳೆಗಾಲದ ರಾತ್ರಿ ಬೆಚ್ಚಗೆ ಮಲಗಲು ಇದ್ದದ್ದು ಅದೇ. ಗಲ್ಫಿನ ದುಡ್ಡು ಬಂದು ತಾರಸಿ ಮನೆಗಳು ಎದ್ದಾಗ ಹಲಸು, ಬೋಗಿ, ಹೆಬ್ಬಲಸಿನ ಹಲಗೆಗಳು ಎಷ್ಟೋ ಕಡೆ ಸೌದೆಯ ಬೆಲೆಗೆ ಹೋದವು.

ಪುತ್ತೂರಿನ ಸಮೀಪದ ನಮ್ಮ ಮನೆಯಲ್ಲೂ ಇದೇ ಪ್ರಶ್ನೆ ಎದ್ದಿತು. ಹಲಗೆ ಕಿತ್ತು ಕಾಂಕ್ರೀಟು ಹಾಕಿಸಿ ಎಂದು ದುಬೈಯಲ್ಲಿರುವ ತಮ್ಮನ ಒತ್ತಾಯ. ಹಣ ಅವನದು, ಕಾಳಜಿಯೂ ಸುಳ್ಳಲ್ಲ. ಮೊಣಕಾಲು ನೋವಿನ ಉಮ್ಮನಿಗೆ ಮಾತ್ರ ಆ ಹಲಗೆಯೇ ಬೇಕು. "ಸಿಮೆಂಟಿನ ಥಂಡಿಯಲ್ಲಿ ನಾನು ಸುಜೂದ್‌ಗೆ ಹೋದರೆ ಏಳುವುದು ಹೇಗೆ ಮಗಾ?" ಎಂದರು. ಉಪ್ಪರಿಗೆ ಉಳಿಯಬೇಕಾದರೆ ಅದು ಗಟ್ಟಿಯಾಗಿರಬೇಕು, ತೊಳೆಯಲು ಬರಬೇಕು, ವುಝೂ ಮಾಡಿದ ಒದ್ದೆ ಕಾಲು ಜಾರಬಾರದು, ಅಂಬೆಗಾಲಿಡುವ ಮಗುವಿಗೆ ವಿಷವಾಗಬಾರದು. ಇಷ್ಟು ಸಾಬೀತಾದರೆ ಒಪ್ಪುತ್ತೇನೆ ಎಂದ ತಮ್ಮ. ಒಂದು ಮಳೆಗಾಲದ ಗಡುವು ಪಡೆದೆವು.

ಲಡ್ಡಾದ ಹಲಗೆಗಳ ಜಾಗಕ್ಕೆ ಕಡಬದಲ್ಲಿ ಕೆಡವುತ್ತಿದ್ದ ಹಳೆಯ ಮನೆಯೊಂದರ ಹಲಸಿನ ಹಲಗೆ ತಂದೆವು. ಅದಕ್ಕೆ ಯಾವ ಕಾಲದ್ದೋ ಬಿಳಿ ಬಣ್ಣವಿತ್ತು. ಇಲ್ಲಿ ಓದುಗರು ಗಮನಿಸಬೇಕಾದ ಸಂಗತಿಯೊಂದಿದೆ. ಹಳೆಯ ಬಣ್ಣಗಳಲ್ಲಿ ಸೀಸ ಧಾರಾಳವಾಗಿರುತ್ತಿತ್ತು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ಕೇಂದ್ರ ಸರಕಾರದ ನಿಯಮ ಹೊರಟದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಹಳೆಯ ಬಣ್ಣವನ್ನು ಒಣಗಿದಂತೆಯೇ ಉಜ್ಜಿದರೆ ಆ ಧೂಳು ಮಕ್ಕಳ ಮೆದುಳಿಗೇ ಅಪಾಯ. ಸುಟ್ಟರೆ ಹೊಗೆಯಲ್ಲೂ ಅದೇ. ಸುಳ್ಯದಿಂದ ಬಂದ ಆಚಾರ್ರು ಹಲಗೆ ಒದ್ದೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿ, ಅಂಗಳದಾಚೆ ಕೂತು ಕೆರೆದರು. ಚೂರುಗಳನ್ನು ಒಟ್ಟುಮಾಡಿ ಚೀಲದಲ್ಲಿ ಕಟ್ಟಿದೆವು. ಮಕ್ಕಳನ್ನು ಅತ್ತ ಬಿಡಲಿಲ್ಲ.

ಹಲಗೆಯ ತುಂಡುಗಳಿಗೆ ನಾಲ್ಕು ಬಗೆಯ ಲೇಪ ಕೊಟ್ಟು ಉಪ್ಪರಿಗೆಯ ಬಾಗಿಲಲ್ಲೇ ಹಾಸಿ, ಜೂನ್‌ನಿಂದ ಆಟಿ ಕಳೆಯುವವರೆಗೆ ಎಲ್ಲರೂ ತುಳಿದೆವು. ನೀರು ಚೆಲ್ಲಿದೆವು, ನಾಣ್ಯದಿಂದ ಗೀರಿದೆವು, ಅಡಿಕೆ ಗೋಣಿ ಎಳೆದೆವು.

ಮೊದಲನೆಯದು ಗೇರುಬೀಜದ ಸಿಪ್ಪೆಯ ಎಣ್ಣೆ. ದೇಶದ ಗೇರು ಸಂಶೋಧನಾ ಕೇಂದ್ರ 1986ರಲ್ಲಿ ಸ್ಥಾಪನೆಯಾದದ್ದು ನಮ್ಮ ಪುತ್ತೂರಿನಲ್ಲೇ, ಹಾಗಾಗಿ ಈ ಎಣ್ಣೆಯ ಮೇಲೆ ನಮಗೆ ಊರಿನ ಅಭಿಮಾನ. ಗೆದ್ದಲು ಅದರ ಹತ್ತಿರ ಸುಳಿಯದು. ಆದರೆ ಕಪ್ಪು ಬಣ್ಣ, ಕಟು ವಾಸನೆ, ಮೈಗೆ ತಾಗಿದರೆ ಬೊಬ್ಬೆ. ಹಣೆ ಇಡುವ ನೆಲಕ್ಕೆ ಅದು ಬೇಡವೆಂದು ತೊಲೆಗಳಿಗೆ ಮಾತ್ರ ಮೀಸಲಿಟ್ಟೆವು. ಎರಡನೆಯದು ಅಗಸೆ ಎಣ್ಣೆ. ಮರದ ಚೆಲುವೆಲ್ಲ ಕಂಡಿತು, ಆದರೆ ನಮ್ಮ ಥಂಡಿಯಲ್ಲಿ ಒಣಗಲೇ ಇಲ್ಲ. ಆಟಿಗೆ ಬೂಸ್ಟು ಹಿಡಿಯಿತು. ಅದನ್ನು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿಟ್ಟರೆ ತನ್ನಷ್ಟಕ್ಕೇ ಬೆಂಕಿ ಹತ್ತಬಹುದು, ಹರಡಿಯೇ ಒಣಗಿಸಬೇಕು. ಮೂರನೆಯದು ಎರಡು ಡಬ್ಬ ಬೆರೆಸುವ ಪಿ.ಯು. ನಾಣ್ಯದ ಗೀರಿಗೂ ಬಗ್ಗಲಿಲ್ಲ. ಆದರೆ ತೇವ ಆರದ ತುಂಡಿನಲ್ಲಿ ಗುಳ್ಳೆ ಎದ್ದಿತು, ಒದ್ದೆ ಕಾಲಿಗೆ ಜಾರಿತು.

ನಾಲ್ಕನೆಯದು ಸಾಮಾನ್ಯ ಎನಾಮೆಲ್, ಕೆಳಗಿನ ಕಾವಿ ನೆಲದ ಕೆಂಪು. ದಪ್ಪ ಬಳಿದ ತುಂಡು ಮೂರು ದಿನವಾದರೂ ಅಂಟುತ್ತಿತ್ತು. ಟರ್ಪಂಟೈನ್ ಬೆರೆಸಿ ತೆಳುವಾಗಿ, ಒಂದೊಂದು ದಿನ ಬಿಟ್ಟು ಮೂರು ಸಲ ಬಳಿದದ್ದು ಗಟ್ಟಿಯಾಗಿ ನಿಂತಿತು. ಗೀರು ಬಿತ್ತು ನಿಜ, ಆದರೆ ಅಷ್ಟಕ್ಕೇ ಮತ್ತೆ ಬಳಿಯಬಹುದು. ಪಿ.ಯು.ವಿನ ಗಾಯ ಹಾಗೆ ಮಾಯುವುದಿಲ್ಲ.

ಆಯ್ಕೆ ಎನಾಮೆಲ್ ಆಯಿತು. ಬಣ್ಣ ಬಳಿದದ್ದು ಮರದ ತೇವ ಆರಿದ ಜನವರಿಯಲ್ಲಿ. ಹಲಗೆಗಳ ಸಂದಿಗೆ ಏನೂ ತುಂಬಬೇಡಿ ಎಂದರು ಆಚಾರ್ರು. "ಮಳೆಗೆ ಮರ ಉಬ್ಬುತ್ತದೆ ಸಾಹೇಬ್ರೇ, ಬೇಸಿಗೆಗೆ ಕುಗ್ಗುತ್ತದೆ. ಅದಕ್ಕೂ ಜಾಗ ಬೇಡವೇ?" ಒಂದೇ ಮುಖಕ್ಕೆ ಬಳಿದರೆ ಹಲಗೆ ಬಾಗುತ್ತದೆಂದು ಅಡಿಗೂ ಒಂದು ಕೈ ಬಳಿಸಿದರು. ಮೆಟ್ಟಿಲಿನಿಂದ ಕೋಣೆಯವರೆಗಿನ ದಾರಿಗೆ ಮಾತ್ರ, ಕೊನೆಯ ಬಣ್ಣ ಹಸಿಯಿರುವಾಗಲೇ ಕುಮಾರಧಾರೆಯ ಜರಡಿ ಹಿಡಿದ ಮರಳು ಉದುರಿಸಿದೆವು. ಅಲ್ಲಿ ಕಾಲು ಜಾರುವುದಿಲ್ಲ. ನಮಾಝಿನ ಜಾಗ, ಮಗು ತೆವಳುವ ಜಾಗ ನಯವಾಗಿಯೇ ಉಳಿದಿದೆ.

ರಜೆಗೆ ಬಂದ ತಮ್ಮ ಕಾಲು ಒದ್ದೆ ಮಾಡಿಕೊಂಡೇ ಪರೀಕ್ಷಿಸಿ ನೋಡಿದ, ಕಾಂಕ್ರೀಟಿನ ಮಾತೆತ್ತಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು, ಆ ಕೆಲಸ ಎಂದೂ ಮುಗಿಯುವುದಿಲ್ಲ. ಒಮ್ಮೆ ಹಾಕಿ ಮರೆತುಬಿಡುವ ವಸ್ತುಗಳನ್ನೇ ನಾವೀಗ ಮೆಚ್ಚುತ್ತೇವೆ. ಮರದ ನೆಲ ಮಾತ್ರ ಆಗಾಗ ಬಗ್ಗಿ ನೋಡುವವರನ್ನು ಬೇಡುತ್ತದೆ. ಮನೆಯ ಹಿರಿಯರೂ ನಮ್ಮಿಂದ ಬೇಡುವುದು ಬಹುಶಃ ಅಷ್ಟನ್ನೇ.